ಅತ್ತೆಯ ಹೇಸರಗತ್ತೆಗಳು

ಜನವರಿ 6, ಸೋಮವಾರ

ಇದು ಲೆನ್ಸ್ ಕಂಪನಿಯವರು ಹೊಸ ವರ್ಷಕ್ಕೆ ಅಂಗಡಿಗೆ ಕೊಡುವ ಡೈರಿ. ಪ್ರತಿ ವರ್ಷ ತಂದು ಗಂಡನ ಕೈಗೆ ಕೊಡುತ್ತಿದ್ದೆ. ಈ ವರ್ಷ ಅವನೇ ಇಲ್ಲ, ಡೈರಿ ಉಳಿಯಿತು. ಖಾಲಿ ಬಿಡುವುದೇಕೆ ಎಂದು ಬರೆಯುತ್ತಿದ್ದೇನೆ. ಓದುವವರು ಯಾರೂ ಇಲ್ಲ, ಅಕ್ಷರ ಹೇಗಿದ್ದರೂ ನಡೆಯುತ್ತದೆ.

ಇವತ್ತೂ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜಿದೆ. ಫ್ರೇಮಿನಲ್ಲಿ ಸರಿಯಾಗಿ ಕೂರುವಂತೆ ಲೆನ್ಸಿನ ಅಂಚು ಸವೆಸುವುದು ನನ್ನ ಕೆಲಸ. ಯಂತ್ರದ ಕಿರುಗುಟ್ಟುವ ಸದ್ದಿನಲ್ಲಿ ಯಾರ ಜೊತೆಗೂ ಮಾತಾಡಬೇಕಾಗಿಲ್ಲ, ಸದ್ಯ. ಮನೆಗೆ ಬಂದು ಸಿಂಕಿನ ಮುಂದೆ ನಿಂತುಕೊಂಡೇ ಬ್ರೆಡ್ಡು ತಿಂದೆ. ಹೀಗೆ ತಿಂದರೆ ತಟ್ಟೆ ತೊಳೆಯುವುದು ತಪ್ಪುತ್ತದೆ. ಹೋದ ಸೆಪ್ಟೆಂಬರಿನಲ್ಲಿ ಅವನು ತನ್ನ ಆಫೀಸಿನವಳ ಜೊತೆ ಸೇತುವೆಯ ಆಚೆ ಮನೆ ಮಾಡಿದಾಗಿನಿಂದ ಕುರ್ಚಿ ಎಳೆದುಕೊಂಡು ಕೂತು ಉಂಡ ನೆನಪಿಲ್ಲ. ಮುಂದಿನ ಕೋಣೆಯ ಪರದೆಯನ್ನೂ ಸರಿಸಿಲ್ಲ. ಸರಿಸಿದರೆ ಎದುರು ಮನೆಯವರು ಕೈ ಬೀಸುತ್ತಾರೆ, ಆಮೇಲೆ ನಾನೂ ಬೀಸಬೇಕು.

ಅವನಿಗೆ ಈಗ ಯಾರು ಡೈರಿ ಕೊಟ್ಟಿರುತ್ತಾರೋ.

ಜನವರಿ 11, ಶನಿವಾರ

ಬಾಗಿಲ ಬೆಲ್ ಆಯಿತು. ಅವನೇ ಇರಬೇಕೆಂದು ಕೂದಲು ಸರಿಮಾಡಿಕೊಂಡು ಓಡಿದೆ. ನಾಚಿಕೆಗೇಡು, ಆದರೂ ಬರೆದಿಡುತ್ತೇನೆ. ಬಾಗಿಲು ತೆಗೆದರೆ ನಿಂತಿದ್ದವರು ಅವನ ಅಮ್ಮ. ಒಂದು ಕೈಯಲ್ಲಿ ಸೂಟ್‌ಕೇಸು, ಹಿಂದೆ ಟ್ಯಾಕ್ಸಿಯವನ ಎರಡೂ ಕೈ ತುಂಬ ಮರದ ಚಪ್ಪಟೆ ಟ್ರೇಗಳು.

"ನಾಲ್ಕು ದಿನ ಇರ್ತೀನಿ. ಮಗನ ಮನೇಲಿ ಮೆಟ್ಟಿಲು ಜಾಸ್ತಿ," ಎಂದರು ಅತ್ತೆ.

ನಮ್ಮದು ಮೂರನೇ ಮಹಡಿ. ಲಿಫ್ಟಿಲ್ಲ.

ಹೇಗೆ ಹತ್ತಿದಿರಿ ಎಂದು ಕೇಳುವ ಮೊದಲೇ ಒಳಗೆ ಬಂದು ಊಟದ ಮೇಜಿನ ಮೇಲೆ ಟ್ರೇ ಜೋಡಿಸಲು ಶುರುಮಾಡಿದರು. ಅವರು ಬಾಡಿಗೆಗಿದ್ದ ಮನೆಯನ್ನು ಮಾಲೀಕರು ಬಿಡಿಸಿಕೊಂಡಿದ್ದಾರೆ, ಸಾಮಾನೆಲ್ಲ ಮಗನ ಗ್ಯಾರೇಜಿನಲ್ಲಿದೆ, ಇವಿಷ್ಟು ಮಾತ್ರ ಜೊತೆಯಲ್ಲಿ. ಹೆಂಡತಿಯನ್ನು ಬಿಟ್ಟು ಹೋದ, ಈಗ ತಾಯಿಯನ್ನೂ ಆ ಹೆಂಡತಿಯ ಮನೆಗೇ ಸಾಗಹಾಕಿದ್ದಾನೆ! ರೇಗಿಹೋಯಿತು. ಫೋನ್ ಮಾಡಿ ಬೈಯೋಣವೆಂದು ಎತ್ತಿಕೊಂಡೆ. ಅವನ ಧ್ವನಿ ಕೇಳಬೇಕಾಗುತ್ತದಲ್ಲ ಎಂದು ಇಟ್ಟುಬಿಟ್ಟೆ.

ಜನವರಿ 17

ಅತ್ತೆಯ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ಭೂಗೋಳದ ಟೀಚರಾಗಿ ನಿವೃತ್ತರಾದವರು. ನಕ್ಷೆಯ ಮುಂದೆ ಕೋಲು ಹಿಡಿದು ನಿಂತ ಅಭ್ಯಾಸ ಇನ್ನೂ ಹೋಗಿಲ್ಲ. ಅಡುಗೆಮನೆಯಲ್ಲಿ ಉಪ್ಪು ಉತ್ತರಕ್ಕಿರಬೇಕು, ಸಕ್ಕರೆ ದಕ್ಷಿಣಕ್ಕೆ. ಬೆಳಗಾಗೆದ್ದು ರೇಡಿಯೋ ಹಾಕುತ್ತಾರೆ, ಅದು ಹೇಳುವ ಸುದ್ದಿಗೆಲ್ಲ "ಸುಳ್ಳು, ಸುಳ್ಳು" ಎನ್ನುತ್ತಾರೆ. ಮೇಜಿನ ತುಂಬ ಟ್ರೇ. ನಿಂತು ತಿನ್ನುವವಳಿಗೆ ಮೇಜೇಕೆ ಎಂದು ಸುಮ್ಮನಿದ್ದೇನೆ.

ಇವತ್ತು ತಡೆಯಲಾರದೆ ಕೇಳಿದೆ. "ಮೆಟ್ಟಿಲಿನ ಕಥೆ ಬಿಡಿ. ಅಲ್ಲಿ ಏನು ತೊಂದರೆಯಾಯ್ತು?"

"ಏನೂ ಇಲ್ಲ. ಆ ಹುಡುಗಿ ಒಳ್ಳೆಯವಳು. ಬೆಳಿಗ್ಗೆ ಎದ್ದರೆ ಬಿಸಿನೀರು, ಕಾಲ ಹತ್ತಿರಕ್ಕೆ ಚಪ್ಪಲಿ. ಅದೇ ತೊಂದರೆ."

"ಅಂದ್ರೆ?"

"ಒಳ್ಳೆಯವಳ ಮೇಲೆ ಸಿಟ್ಟು ಮಾಡಿಕೊಳ್ಳೋಕಾಗುತ್ತೇನೆ? ಸಿಟ್ಟೆಲ್ಲ ಹೊಟ್ಟೇಲೇ ಉಳಿದು ಅಜೀರ್ಣ ಆಯ್ತು. ಇಲ್ಲಾದ್ರೆ ನಿನ್ನ ಜೊತೆ ಜಗಳ ಆಡಿ ಹಗುರಾಗಬಹುದು."

ಹಾಸಿಗೆಯ ಹೊದಿಕೆ ಇನ್ನೊಂದು ಕೊಟ್ಟೆ. ಚಳಿ ಇದೆ.

ಜನವರಿ 26, ಭಾನುವಾರ

ಟ್ರೇಯೊಳಗಿರುವುದು ಪದಕಗಳು. ಹಳೆಯ ಸೈನಿಕರ ಎದೆಯ ಮೇಲೆ ತೂಗುತ್ತವಲ್ಲ, ಅಂಥವು. ಮಾವನವರಿಗೆ ಪದಕದ ಹುಚ್ಚಿತ್ತು, ಅದು ಗೊತ್ತು. ಅವರು ತೀರಿಕೊಂಡ ಮೇಲೆ ಅವೆಲ್ಲ ಮ್ಯೂಸಿಯಮ್ಮಿಗೆ ಹೋದವು. ಅತ್ತೆಗೂ ಬೇರೆಯದೇ ಒಂದು ಸಂಗ್ರಹವಿದೆಯೆಂದು ಇಷ್ಟು ವರ್ಷ ಸೊಸೆಯಾಗಿದ್ದರೂ ನನಗೆ ತಿಳಿದಿರಲಿಲ್ಲ. ಕೇಳಿರಲೂ ಇಲ್ಲ.

"ಇವು ಹೇಸರಗತ್ತೆಗಳು," ಎಂದರು ಅತ್ತೆ.

"ಕತ್ತೆ ಎಲ್ಲಿದೆ ಇದರಲ್ಲಿ?"

"ಕತ್ತೆಗೂ ಕುದುರೆಗೂ ಹುಟ್ಟಿದ್ದು ಹೇಸರಗತ್ತೆ ತಾನೆ? ಇದೂ ಹಾಗೇ. ಪದಕ ಹೊಡೆಯೋಕೆ ಎರಡು ಅಚ್ಚು ಬೇಕು, ಕೆಳಗೊಂದು ಮೇಲೊಂದು. ನಡುವೆ ಬೆಳ್ಳಿ ಬಿಲ್ಲೆ ಇಟ್ಟು ಒತ್ತಿದರೆ ಒಂದು ಮೈಗೆ ರಾಜನ ಮುಖ, ಇನ್ನೊಂದು ಮೈಗೆ ಯುದ್ಧದ ಚಿತ್ರ. ಕಾರ್ಖಾನೇಲಿ ಯಾವನೋ ಅರೆನಿದ್ದೇಲಿ ಕಪಾಟಿನಿಂದ ತಪ್ಪು ಅಚ್ಚು ತೆಗೆದ. ಧಡಕ್! ಮರುಭೂಮಿಯಲ್ಲಿ ಹೊಡೆದಾಡಿದವನ ಪದಕದ ಹಿಂದೆ ಹಡಗು ಬಂದು ಕೂತಿತು."

"ಯಾರೂ ನೋಡಲಿಲ್ವಾ?"

"ಎದೆ ಮೇಲೆ ಹಾಕ್ಕೊಂಡವನಿಗೆ ಹಿಂಭಾಗ ಎಲ್ಲಿ ಕಾಣುತ್ತೆ?"

ಮಾವನವರು ಸರಿಯಾದ ಪದಕಗಳನ್ನೆಲ್ಲ ತಮಗಿಟ್ಟುಕೊಂಡು, ಇಂಥವು ಬಂದರೆ "ಇದು ಕೆಟ್ಟುಹೋಗಿದೆ" ಎಂದು ಅತ್ತೆಯ ಕಡೆ ತಳ್ಳುತ್ತಿದ್ದರಂತೆ. ಅತ್ತೆ ಎಸೆಯದೆ ಇಟ್ಟುಕೊಂಡರು. ಆಮೇಲೆ ಹುಡುಕಿಕೊಂಡು ಹೋಗತೊಡಗಿದರು.

ಕೊನೆಯ ಟ್ರೇಯಲ್ಲಿ ಒಂದೇ ಒಂದು. ಅದಕ್ಕೆ "ರಾಣಿ" ಎಂದು ಹೆಸರು. ಒಂದು ಮೈಯಲ್ಲಿ ಮುಸುಕು ಹೊದ್ದ ರಾಣಿ, ಇನ್ನೊಂದರಲ್ಲಿ ಬೆಟ್ಟದ ಮೇಲಿನ ಕೋಟೆ. ಆ ಕೋಟೆಗಾಗಿ ಯುದ್ಧವಾಗುವ ಹೊತ್ತಿಗೆ ಆ ರಾಣಿ ಸತ್ತು ಎಷ್ಟೋ ಕಾಲವಾಗಿತ್ತಂತೆ. ಇಂಥದ್ದು ಇನ್ನೊಂದು ಎಲ್ಲೂ ಸಿಕ್ಕಿಲ್ಲ, ಪದಕ ಸಂಗ್ರಹಿಸುವವರ ಸಂಘದ ಪುಸ್ತಕದ ಮುಖಪುಟಕ್ಕೆ ಇದರದೇ ಚಿತ್ರ. ಒಮ್ಮೆ ಜಗಳವಾಡಿ ಅತ್ತೆ ಮಾತು ಬಿಟ್ಟಿದ್ದಾಗ ಮಾವನವರು ಇದನ್ನು ತಂದು, ಏನೂ ಹೇಳದೆ, ಮೇಜಿನ ಮೇಲೆ ಇಟ್ಟು ಹೋದರಂತೆ.

"ಮಾತಾಡಿದಿರಾ ಆಮೇಲೆ?"

"ಆಡದೇ ಇರ್ತೀನಾ? ಇದೆಲ್ಲಿ ಸಿಕ್ತು ಅಂತ ಕೇಳಬೇಕಿತ್ತಲ್ಲ."

ಫೆಬ್ರವರಿ 4

ಅವನ ವಕೀಲರ ಫೋನು. ವಿಚ್ಛೇದನದ ಕಾಗದಗಳು ತಯಾರಾಗುತ್ತಿವೆಯಂತೆ. ಧ್ವನಿ ಎಷ್ಟು ನಯವಾಗಿತ್ತೆಂದರೆ, ಬಟ್ಟೆ ಅಂಗಡಿಯವರು ಸೇಲಿದೆ ಎಂದು ಕರೆದ ಹಾಗಿತ್ತು.

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತ ಕೂತೆ. ಬಾಗಿಲು ತಟ್ಟಿದ ಸದ್ದು.

"ನೀರು ಪೋಲಾಗ್ತಿದೆ. ಅಳೋದಾದ್ರೆ ನಲ್ಲಿ ನಿಲ್ಲಿಸಿ ಅಳು. ನನಗೇನು ಕಿವಿ ಕೇಳಿಸಲ್ವಾ?"

ನಿಲ್ಲಿಸಿದೆ. ನಲ್ಲಿಯ ಸದ್ದಿಲ್ಲದೆ ಅಳುವುದು ಸರಿಹೋಗಲಿಲ್ಲ. ಹೊರಗೆ ಬಂದೆ. ಮೇಜಿನ ಒಂದು ಮೂಲೆಯಲ್ಲಿ ಟ್ರೇ ಸರಿಸಿ ಎರಡು ತಟ್ಟೆ ಇಟ್ಟಿದ್ದರು. ಸೂಪು ಸಪ್ಪೆಯಾಗಿತ್ತು, ಉಪ್ಪು ಉತ್ತರದಲ್ಲಿತ್ತು.

ಫೆಬ್ರವರಿ 15, ಶನಿವಾರ

ಅತ್ತೆಯ ಭೂತಗನ್ನಡಿ ನೋಡಿದೆ. ನಡುವೆ ಸೀಳು, ಅಂಚೆಲ್ಲ ಗೀರು. ಅದರಲ್ಲಿ ನೋಡುವುದೂ ಒಂದೇ, ಕಣ್ಣು ಮುಚ್ಚಿಕೊಂಡು ನೋಡುವುದೂ ಒಂದೇ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳ ಮನೆಯಲ್ಲಿ ಇಂಥ ಗಾಜು ಇರುವುದು ನನಗೇ ಅವಮಾನ. ಯಜಮಾನರನ್ನು ಕೇಳಿ, ಯಾರೋ ಬೇಡವೆಂದು ಬಿಟ್ಟುಹೋದ ದಪ್ಪ ಲೆನ್ಸೊಂದನ್ನು ಗುಂಡಗೆ ಉಜ್ಜಿ, ಹಳೆಯ ಚಮಚದ ಹಿಡಿ ಕೂರಿಸಿದೆ. ಮಧ್ಯಾಹ್ನದ ಊಟದ ಬಿಡುವೆಲ್ಲ ಅದಕ್ಕೇ ಹೋಯಿತು. ಕೆಲಸ ಮಾಡುತ್ತ ಏನೋ ಗುನುಗುತ್ತಿದ್ದೆನಂತೆ, ಯಜಮಾನರು ಬಾಗಿಲಲ್ಲಿ ನಿಂತು "ರೇಡಿಯೋ ಯಾವಾಗ ತಂದೆ?" ಎಂದರು.

ಅತ್ತೆ ಗಾಜು ಹಿಡಿದು ಮೊದಲು ನೋಡಿದ್ದು ನನ್ನ ಮುಖವನ್ನು. "ಅಯ್ಯೋ, ಇಷ್ಟು ಸೊರಗಿದ್ದೀಯಾ? ನನಗೆ ಕಂಡೇ ಇರಲಿಲ್ಲ," ಎಂದರು. ಆಮೇಲೆ ಟ್ರೇಗಳ ಮುಂದೆ ಕೂತವರು ಏಳಲೇ ಇಲ್ಲ. ಕುದುರೆಯ ಬಾಲದಲ್ಲಿ ಕೂದಲು ಕಾಣುತ್ತಿದೆ ಎಂದು ಒಮ್ಮೆ, ಹಡಗಿನ ಹಗ್ಗ ಕಾಣುತ್ತಿದೆ ಎಂದು ಒಮ್ಮೆ ಕೂಗಿ ಕರೆಯುತ್ತಿದ್ದರು. ಪ್ರತಿ ಸಲವೂ ಪಾತ್ರೆ ಬಿಟ್ಟು ಹೋಗಿ ನೋಡಬೇಕಾಯಿತು. ನಿಜವಾಗಿ ಕಾಣುತ್ತಿತ್ತು.

ಫೆಬ್ರವರಿ 16, ಭಾನುವಾರ

ಬೆಳಿಗ್ಗೆ ರಾಣಿಯನ್ನು ತೆಗೆದರು. ನಾನು ಬಟ್ಟೆ ಮಡಿಸುತ್ತಿದ್ದೆ.

"ಇಲ್ಲಿ ಬಾ. ಈ ಅಂಚು ನೋಡು. ನೀನು ದಿನಾ ಅಂಚು ನೋಡೋಳು."

ನೋಡಿದೆ. ಪದಕದ ದಪ್ಪದ ನಡುವೆ, ಸುತ್ತಲೂ, ಕೂದಲಿಗಿಂತ ತೆಳುವಾದ ಒಂದು ಗೆರೆ. ಒಂದು ಕಡೆ ಬೆಸುಗೆಯ ಬೂದು ಬಣ್ಣದ ಚುಕ್ಕೆ.

"ಗೀರಿರಬಹುದು," ಎಂದೆ.

"ಗೀರು ಪೂರ್ತಿ ಸುತ್ತು ಬರಲ್ಲ." ಅತ್ತೆ ಅದನ್ನೆತ್ತಿ ಬೆರಳ ತುದಿಯ ಮೇಲಿಟ್ಟು ಉಗುರಿನಿಂದ ತಟ್ಟಿದರು. ಬೇರೆಯವು ಟಿಣ್ ಎಂದು ಹಾಡುತ್ತವೆ. ಇದು ಟಕ್ ಎಂದು ಸುಮ್ಮನಾಯಿತು. "ಎರಡು ಪದಕ. ಒಂದರ ಹಿಂಭಾಗ ಅರೆದು, ಇನ್ನೊಂದರ ಮುಂಭಾಗ ಅರೆದು ಅಂಟಿಸಿದ್ದಾರೆ. ಇದು ಹೇಸರಗತ್ತೆ ಅಲ್ಲ. ಕುದುರೆ ಚರ್ಮ ಹೊದಿಸಿದ ಕತ್ತೆ."

ನಕ್ಕಾರೇನೋ ಎಂದು ಮುಖ ನೋಡಿದೆ. ನಗಲಿಲ್ಲ. ಗಾಜನ್ನು ಬೋರಲು ಹಾಕಿ, ಹೋಗಿ ಗೋಡೆಗೆ ಮುಖ ಮಾಡಿ ಮಲಗಿದರು.

ನಾನು ಆ ಹಾಳು ಲೆನ್ಸು ತರದೇ ಇದ್ದಿದ್ದರೆ.

ಫೆಬ್ರವರಿ 18

ಊಟ ಬೇಡವಂತೆ. ರೇಡಿಯೋ ಇಲ್ಲ.

ಫೆಬ್ರವರಿ 19

ಬೇಡವಂತೆ.

ಫೆಬ್ರವರಿ 22, ಶನಿವಾರ

ಮಂಚದ ಅಂಚಿನಲ್ಲಿ ಹೋಗಿ ಕೂತೆ. ಇಷ್ಟೆಲ್ಲ ಮಾತಾಡುವ ಹೆಂಗಸು ಸುಮ್ಮನಿದ್ದರೆ ಮನೆಯೇ ಕಿವುಡಾದ ಹಾಗಿರುತ್ತದೆ.

"ನಾನು ಹೇಳಲ್ಲ, ನೀವೂ ಹೇಳಬೇಡಿ. ಇಷ್ಟು ವರ್ಷ ಯಾರೂ ಕಂಡುಹಿಡಿದಿಲ್ಲ. ಸಂಘದ ಪುಸ್ತಕದಲ್ಲಿ ಇರಲಿ ಬಿಡಿ, ಯಾರಿಗೇನು ನಷ್ಟ?"

"ನೋಡದೆ ಇದ್ದಿದ್ರೆ ಸರಿ. ನೋಡಿದ ಮೇಲೆ ನೋಡಿಲ್ಲ ಅನ್ನೋಕೆ ನನಗೆ ಬರಲ್ಲ."

ನನಗೆ ಬರುತ್ತಿತ್ತು. ಅವನ ಕೋಟಿನಲ್ಲಿ ಬೇರೆ ಸೋಪಿನ ವಾಸನೆ ಬಂದಾಗ ನನ್ನ ಮೂಗಿಗೆ ನೆಗಡಿ ಎಂದುಕೊಂಡವಳು ನಾನು. ಅದನ್ನು ಅತ್ತೆಗೆ ಹೇಳಲಿಲ್ಲ.

"ಅದಲ್ಲ ನನ್ನ ಸಂಕಟ," ಎಂದರು ಅತ್ತೆ. "ನಿನ್ನ ಮಾವ ಗೊತ್ತಿದ್ದು ತಂದರಾ, ಗೊತ್ತಿಲ್ಲದೆ ತಂದರಾ? ನನ್ನ ಬಾಯಿ ಮುಚ್ಚಿಸೋಕೆ ಸುಳ್ಳು ಪದಕ ತಂದರಾ?"

ಇದಕ್ಕೆ ಉತ್ತರ ಕೊಡುವವರು ಈಗ ಇಲ್ಲ. ಬಾಯಿಗೆ ಬಂದದ್ದು ಹೇಳಿದೆ. "ಮಾವನೋರು ಒಂದ್ಸಲ ಹೂಕೋಸು ಅಂತ ಮೇಣದ ಹೂಕೋಸು ಕೊಂಡು ತಂದಿದ್ದರಲ್ಲ. ಅಂಗಡಿಯವರು ಗಾಜಿನ ಕಪಾಟಲ್ಲಿ ಅಲಂಕಾರಕ್ಕಿಟ್ಟಿದ್ದು."

ಅತ್ತೆಯ ಬೆನ್ನು ಅಲ್ಲಾಡಿತು. ಅಳುತ್ತಿದ್ದಾರೆಂದು ಹೆದರಿದೆ. ನಗುತ್ತಿದ್ದರು. "ಬೇಯಿಸಿದ್ದೆ ಕಣೇ ಅದನ್ನ," ಎಂದರು. "ಪಾತ್ರೆಯೇ ಹಾಳಾಯ್ತು. ಅವರಿಗೆ ತರಕಾರಿ ಕೊಳ್ಳೋಕೇ ಬರ್ತಿರಲಿಲ್ಲ."

ಆದರೆ ಎದ್ದು ಬರಲಿಲ್ಲ.

ಮಾರ್ಚ್ 2, ಭಾನುವಾರ

ಇವತ್ತು ಒಂದು ಕಿತಾಪತಿ ಮಾಡಿದೆ. ಮುಂದಿನ ಕೋಣೆಯ ಪರದೆ ಸರಿಸಿ, ಬೆಳಕಿಗೆ ಎಲ್ಲ ಟ್ರೇ ತೆಗೆದಿಟ್ಟು, ಪದಕಗಳನ್ನು ಬೇಕೆಂದೇ ಅದಲುಬದಲು ಮಾಡಿದೆ. ನೌಕಾಪಡೆಯವನ್ನು ಕಾಲಾಳುಗಳ ಟ್ರೇಗೆ, ಬೆಟ್ಟದ ಯುದ್ಧದವನ್ನು ಮರುಭೂಮಿಗೆ. ಕಷ್ಟವೆಂದರೆ, ತಪ್ಪು ಜಾಗ ಯಾವುದೆಂದು ತಿಳಿಯಲು ಸರಿಯಾದ ಜಾಗ ಯಾವುದೆಂದು ಮೊದಲು ತಿಳಿಯಬೇಕು. ಒಂದೊಂದನ್ನೂ ತಿರುಗಿಸಿ ಅಂಚಿನ ಮೇಲೆ ಕೆತ್ತಿದ ಹೆಸರು ಓದಿದೆ. ಪ್ರತಿಯೊಂದರ ಅಂಚಿನಲ್ಲೂ ಅದನ್ನು ತೊಟ್ಟವನ ಹೆಸರು, ಅವನ ದಳದ ಹೆಸರು ಇದೆ. ಒಬ್ಬ ಕಹಳೆ ಊದುವವನು. ಒಬ್ಬ ಅಡುಗೆಯವನು. ಅಡುಗೆಯವನ ಪದಕದ ಹಿಂದೆ ಫಿರಂಗಿ ದಳದ ಚಿತ್ರವಿತ್ತು. ಮನೆಗೆ ಹೋಗಿ ಏನು ಕಥೆ ಹೇಳಿದನೋ ಮಹಾರಾಯ!

ಎದುರು ಮನೆಯವರು ಕೈ ಬೀಸಿದರು. ಕೈಯಲ್ಲಿ ಪದಕವಿತ್ತು, ಅದನ್ನೇ ಬೀಸಿದೆ.

ಆಮೇಲೆ ಗಟ್ಟಿಯಾಗಿ ಹೇಳಿದೆ. "ಅತ್ತೆ, ಧೂಳು ಒರೆಸಿ ಎಲ್ಲ ಜೋಡಿಸಿದ್ದೀನಿ. ಬಣ್ಣದ ಪ್ರಕಾರ!"

ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬಂದರು. "ಬಣ್ಣದ ಪ್ರಕಾರಾನಾ? ಅಯ್ಯೋ ನಿನ್ನ ಕೈ ಸೇದಿಹೋಗ!" ಸಂಜೆಯವರೆಗೆ ಬೈದುಕೊಂಡೇ ಸರಿಮಾಡಿದರು. ನಾನು ಪಕ್ಕದಲ್ಲಿ ಕೂತು ಎತ್ತಿಕೊಟ್ಟೆ. ಮೊಟ್ಟೆ ಬೇಯಿಸಿದೆ, ಎರಡು ತಿಂದರು. ನಾನು ಮೂರು.

ಮಲಗುವ ಮುಂಚೆ ಹೇಳಿದರು, "ಸಂಘದ ಸಭೆ ತಿಂಗಳ ಕೊನೆಗಿದೆ. ಹೋಗಿ ಹೇಳಿಬಿಡ್ತೀನಿ. ನೀನೂ ಬಾ. ಬಸ್ಸಿಂದ ಇಳಿಯೋವಾಗ ಕೈ ಹಿಡಿಯೋಕೆ ಯಾರಾದರೂ ಬೇಕು."

ಮಾರ್ಚ್ 30, ಭಾನುವಾರ

ಇದನ್ನು ಪೂರ್ತಿ ಬರೆಯಬೇಕು.

ಸಂಘದ ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಸಭೆ ನಡೆಯುವುದು ಅವರ ಹಳೆಯ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ. ಗೋಡೆಯ ಮೇಲೆ ಇನ್ನೂ ದವಡೆಯ ಚಿತ್ರ, ಹಲ್ಲುಜ್ಜುವ ಮೊಲದ ಚಿತ್ರ. ಸದಸ್ಯರೆಲ್ಲ ಹಲ್ಲುನೋವಿನವರ ಹಾಗೆ ಗೋಡೆಗೆ ಸಾಲಾಗಿ ಕೂತಿದ್ದರು. ಮೇಜಿನ ಮೇಲೆ ಸಂಘದ ಪುಸ್ತಕ, ಮುಖಪುಟದಲ್ಲಿ ನಮ್ಮ ರಾಣಿ.

ಸಭೆಗೆ ಮೊದಲೇ ಅತ್ತೆ ಡಾಕ್ಟರನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದರು. ಅವರು ಹಲ್ಲು ನೋಡುವ ದೀಪದ ಕೆಳಗೆ ಪದಕ ಹಿಡಿದು, ಕೊಕ್ಕೆಯಂಥ ಸಲಾಕೆಯಿಂದ ಅಂಚು ಕೆರೆದು, ದೀಪ ಆರಿಸಿದರು. ಮುಖ ಸಣ್ಣಗಾಯಿತು.

"ಅಮ್ಮಾ, ಪುಸ್ತಕ ಅಚ್ಚಾಗಿಹೋಗಿದೆ. ಹೊರಗಿನ ಸಂಘದವರಿಗೆಲ್ಲ ಕಳಿಸಿದ್ದೀವಿ. ಈಗ ಹೇಳಿದ್ರೆ ಎಲ್ಲರೂ ನಗ್ತಾರೆ. ನೋವು ಕೊಡದ ಹಲ್ಲನ್ನ ಯಾಕೆ ಕೀಳಬೇಕು ಹೇಳಿ?"

"ಹುಳುಕಾಗಿದ್ರೆ?" ಎಂದರು ಅತ್ತೆ.

ಡಾಕ್ಟರು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಅತ್ತೆ ಎದ್ದು ನಿಂತರು. ಹೇಳಬೇಕಾದ್ದನ್ನು ಬಸ್ಸಿನಲ್ಲಿ ಅಷ್ಟು ಚೆನ್ನಾಗಿ ಒಪ್ಪಿಸಿದ್ದರು. "ಈ ಪದಕ ನನಗೆ ನನ್ನ ಯಜಮಾನರು ಕೊಟ್ಟಿದ್ದು" ಎಂಬಲ್ಲಿಗೆ ಬಂದರು, ನಿಂತುಬಿಟ್ಟರು. ಮತ್ತೆ ಶುರುಮಾಡಿದರು, ಅಲ್ಲಿಗೇ ಬಂದು ನಿಂತರು. ಎಷ್ಟೋ ತಲೆಮಾರಿನ ಮಕ್ಕಳಿಗೆ ನದಿ ಪರ್ವತ ಕಲಿಸಿದ ಗಂಟಲು ಕಟ್ಟಿಕೊಂಡಿತು. ಎಲ್ಲರೂ ತಮ್ಮ ಶೂ ನೋಡಿಕೊಳ್ಳತೊಡಗಿದರು.

ನಾನು ಎದ್ದೆ. ಯಾಕೆ ಎದ್ದೆ ಎಂದು ಕೇಳಿದರೆ ಗೊತ್ತಿಲ್ಲ, ಪಕ್ಕದ ಕುರ್ಚಿಯಲ್ಲಿದ್ದವಳು ನಾನು, ಅಷ್ಟೆ.

"ಇದು ಅಂಟಿಸಿದ ಪದಕ," ಎಂದೆ. ನನ್ನ ಧ್ವನಿ ನನಗೇ ಜೋರಾಗಿ ಕೇಳಿತು. "ಅಂಚಿನಲ್ಲಿ ಜೋಡಿಸಿದ ಗೆರೆ ಇದೆ, ತಟ್ಟಿದರೆ ಸದ್ದು ಬರಲ್ಲ. ಇವರಿಗೆ ಇದು ಗೊತ್ತಾಗಿದ್ದು ಹೋದ ತಿಂಗಳು. ಹಳೇ ಭೂತಗನ್ನಡಿ ಒಡೆದಿತ್ತು, ಹೊಸದು ತಂದ ಮೇಲೆ ಕಾಣಿಸಿತು. ಯಾರೂ ಕೇಳಿರಲಿಲ್ಲ, ಇವರೇ ಹೇಳೋಕೆ ಬಂದಿದ್ದಾರೆ. ಪುಸ್ತಕದಿಂದ ಈ ಚಿತ್ರ ತೆಗೀಬೇಕಂತೆ. ಉಳಿದ ಟ್ರೇಗಳನ್ನೂ ನಾವು ಪೂರ್ತಿ ನೋಡಿದ್ದೀವಿ, ಅವು ನಿಜವಾದವು. ಬೇಕಾದವರು ಮನೆಗೆ ಬಂದು ನೋಡಬಹುದು."

ಕೂತೆ. ಆಮೇಲೆ ಮೂಲೆಯಲ್ಲಿದ್ದ ನಿವೃತ್ತ ಪೋಸ್ಟ್‌ಮನ್ ಒಬ್ಬರು ಕೆಮ್ಮಿ, ಕೋಟಿನ ಒಳಜೇಬಿನಿಂದ ಕರವಸ್ತ್ರದ ಗಂಟು ತೆಗೆದರು. "ನನ್ನದೂ ಒಂದಿದೆ. ತುಂಬ ದಿನದಿಂದ ಅನುಮಾನ. ಹೇಳೋಕೆ ಧೈರ್ಯ ಇರಲಿಲ್ಲ. ಆ ಗಾಜು ಒಂದ್ಸಲ ಕೊಡ್ತೀರಾ?"

ಅಲ್ಲಿಂದ ಮುಂದೆ ಸಭೆಯ ಕಾರ್ಯಕ್ರಮ ಯಾವುದೂ ನಡೆಯಲಿಲ್ಲ. ಒಬ್ಬೊಬ್ಬರೇ ಜೇಬಿಗೆ ಕೈಹಾಕಿದರು. ಅತ್ತೆಗೆ ಗಂಟಲು ತಾನಾಗಿ ಸರಿಹೋಯಿತು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು. ಡಾಕ್ಟರೇ ದೀಪ ಹಿಡಿದರು. ಪೋಸ್ಟ್‌ಮನ್ನರದ್ದು ಅಸಲಿಯೆಂದು ತೀರ್ಮಾನವಾದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆ ಕನ್ನಡಕದ ಲೆನ್ಸು ಸಡಿಲವಾಗಿತ್ತು, ಅಂಗಡಿಗೆ ಬನ್ನಿ ಎಂದಿದ್ದೇನೆ.

ಹೊರಡುವಾಗ ಡಾಕ್ಟರು ಹೇಳಿದರು, "ಮುಂದಿನ ಪುಸ್ತಕದ ಮುಖಪುಟ ಖಾಲಿ ಇದೆಯಮ್ಮಾ. ತುಂಬಿಸೋ ಜವಾಬ್ದಾರಿ ನಿಮ್ಮಿಬ್ಬರದು."

ಏಪ್ರಿಲ್ 5

ರಾಣಿಯನ್ನು ಏನು ಮಾಡುತ್ತೀರೆಂದು ಕೇಳಿದೆ. ಅತ್ತೆ ಅದಕ್ಕೊಂದು ರಿಬ್ಬನ್ ಕಟ್ಟಿ ಮಂಚದ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. "ಸಂಘಕ್ಕೆ ಸುಳ್ಳು. ನನಗೆ ಕೊಟ್ಟಿದ್ದಂತೂ ನಿಜ ತಾನೆ," ಎಂದರು.

ಏಪ್ರಿಲ್ 20, ಭಾನುವಾರ

ಪೋಸ್ಟ್‌ಮನ್ನರು ಒಂದು ಪದಕ ಕಳಿಸಿದ್ದಾರೆ, ಅಭಿಪ್ರಾಯ ಕೇಳಿ. ಒಂದು ಮೈಯಲ್ಲಿ ಗಡ್ಡದ ರಾಜ, ಹಿಂದೆ ಒಂಟೆ. ಒಂಟೆಯ ಯುದ್ಧಕ್ಕೆ ಗಡ್ಡವಿಲ್ಲದ ರಾಜನಿರಬೇಕು ಎಂದು ನನ್ನ ವಾದ. ಅತ್ತೆ ಹೇಳುವುದು, ಮೊದಲ ಕಂತಿನ ಪದಕಗಳಲ್ಲಿ ಗಡ್ಡವಿತ್ತು, ಆಮೇಲೆ ಬೋಳಿಸಿದ ಎಂದು. "ರಾಜನ ಗಡ್ಡ ನಿಮಗೆ ಹೇಗೆ ಗೊತ್ತು, ನೀವೇನು ಕ್ಷೌರ ಮಾಡಿದ್ರಾ?" ಎಂದೆ. "ಪುಸ್ತಕ ತೆಗಿ!" ಎಂದರು. ಇದರ ನಡುವೆ ಅವನು ಬಂದ.

ಅಮ್ಮನನ್ನು ಕರೆದುಕೊಂಡು ಹೋಗಲು ಬಂದಿದ್ದನಂತೆ. ಕೆಳಗಿನ ಮಹಡಿಯ ಕೋಣೆ ಸಿದ್ಧವಾಗಿದೆಯಂತೆ, ಮೆಟ್ಟಿಲಿಲ್ಲ. "ನಿನಗೆ ಯಾಕೆ ತೊಂದರೆ," ಎಂದ ನನಗೆ.

"ಟ್ರೇಗಳನ್ನೆಲ್ಲ ಈಗ ತಾನೆ ಗೋಡೆ ಕಪಾಟಲ್ಲಿ ಕೂರಿಸಿದ್ದೀನಿ," ಎಂದೆ. "ಅಳತೆ ಮಾಡಿ ಹಲಗೆ ಹೊಡೆಸಿದ್ದು. ಮತ್ತೆ ಯಾರು ಬಿಚ್ಚೋದು?"

ಅತ್ತೆ ಪುಸ್ತಕದಿಂದ ತಲೆಯೆತ್ತಿ, "ಬರೋ ವಾರ ನಾನೇ ಬಂದು ನೋಡಿ ಹೋಗ್ತೀನಪ್ಪ. ಆ ಹುಡುಗೀನ ಕೇಳ್ದೆ ಅಂತ ಹೇಳು. ನಿಲ್ಲು, ಈ ಗಡ್ಡ ಸ್ವಲ್ಪ ನೋಡು, ನಿನ್ನ ಕಣ್ಣು ಚುರುಕು," ಎಂದರು. ಅವನು ಪಾಪ ನೋಡಿದ. ಏನೂ ತಿಳಿಯಲಿಲ್ಲವೆಂದ. ಬಾಗಿಲಲ್ಲಿ ನಿಂತು ನನ್ನನ್ನು ಏನೋ ಕೇಳಿದ, ಚೆನ್ನಾಗಿದ್ದೀಯಾ ಎಂದೋ ಏನೋ. ಒಲೆಯ ಮೇಲೆ ಚಹಾ ಉಕ್ಕುತ್ತಿತ್ತು, ಓಡಿದೆ.

ಗಡ್ಡ ಮೊದಲ ಕಂತಿನಲ್ಲಿ ಇತ್ತಂತೆ. ಅತ್ತೆ ಗೆದ್ದರು. ಇನ್ನೆರಡು ದಿನ ಇದನ್ನೇ ಹೇಳುತ್ತಾರೆ.

ಮೇ 21

ಯಜಮಾನರು ಮುಂದಿನ ಕೌಂಟರಿನಲ್ಲಿ ಕೂರುತ್ತೀಯಾ ಎಂದು ಕೇಳಿದರು, ವಾರದಲ್ಲಿ ಎರಡು ದಿನ. "ಈಗೀಗ ಗಿರಾಕಿಗಳು ನಿನ್ನನ್ನೇ ಕೇಳಿಕೊಂಡು ಬರ್ತಾರೆ, ಎಲ್ಲರೂ ಜೇಬಲ್ಲಿ ಏನೋ ಇಟ್ಟುಕೊಂಡಿರ್ತಾರೆ," ಎಂದರು. ಒಪ್ಪಿದೆ.

ಕೋರ್ಟಿನಿಂದ ಕಾಗದ ಬಂದಿದೆ. ಮೂವತ್ತಕ್ಕೆ ಬಂದು ಸಹಿ ಹಾಕಬೇಕು. ಸರಿಯಾಗಿ ಮೂವತ್ತಕ್ಕೇ! ಅವತ್ತೇ ಪಕ್ಕದ ಊರಿನಲ್ಲಿ ದೊಡ್ಡ ಹಳೆ ಸಾಮಾನಿನ ಮಾರಾಟ, ಮೊದಲ ದಿನ ಹೋಗದಿದ್ದರೆ ವ್ಯಾಪಾರಿಗಳು ಒಳ್ಳೆಯದನ್ನೆಲ್ಲ ಬಾಚಿಕೊಂಡು ಹೋಗಿರುತ್ತಾರೆ. ಕೋರ್ಟಿನವರಿಗೆ ವರ್ಷದಲ್ಲಿ ಬೇರೆ ದಿನವೇ ಸಿಗಲಿಲ್ಲವೇ? ಅತ್ತೆ ರೈಲಿನ ವೇಳಾಪಟ್ಟಿ ಹಿಡಿದು ಕೂತಿದ್ದಾರೆ. ಮಧ್ಯಾಹ್ನದ ರೈಲು ಹಿಡಿದರೆ ಆದೀತಂತೆ, ಜಡ್ಜು ಬೇಗ ಊಟಕ್ಕೆ ಏಳದಿದ್ದರೆ.

ಮೇ 30, ಶುಕ್ರವಾರ

ಬೆಳಿಗ್ಗೆ ಕೋರ್ಟಿಗೆ ಹೋದೆವು. ಅತ್ತೆ ಹೊರಗೆ ಬೆಂಚಿನ ಮೇಲೆ ಬುತ್ತಿ, ಭೂತಗನ್ನಡಿ, ಛತ್ರಿ ಸಮೇತ ಕೂತರು. ಒಳಗೆ ಅವನು ಹೊಸ ಕೋಟು ಹಾಕಿಕೊಂಡು ಬಂದಿದ್ದ. ಮುಖ ಬಾಡಿತ್ತು. ಗುಮಾಸ್ತರು ಒಂದೊಂದೇ ಕಾಗದ ನಿಧಾನವಾಗಿ ಓದಿ ಹೇಳುತ್ತಿದ್ದರು. "ಇನ್ನೂ ಎಷ್ಟಿದೆ ಸಾರ್? ರೈಲಿದೆ," ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. (ಮೂಗಿನ ಮೇಲೆ ಜಾರುತ್ತಿತ್ತು, ಹಿಡಿ ಬಗ್ಗಿಸಬೇಕು.) ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಅವನು ಏನೋ ಹೇಳಲು ಶುರುಮಾಡಿದ, "ನೋಡು, ನಾನು ನಿನಗೆ..." ಎಂದು. "ಇರಲಿ ಬಿಡು, ಒಳ್ಳೇದಾಗಲಿ," ಎಂದು ಕೈಚೀಲ ಎತ್ತಿಕೊಂಡೆ. ನಿಜವಾಗಿಯೇ ಹೇಳಿದೆ, ಆದರೆ ರೈಲಿಗೆ ಹೊತ್ತಾಗಿತ್ತು.

ಓಡಿದೆವು. ಅತ್ತೆಯ ಛತ್ರಿ ಯಾರದೋ ಟೋಪಿ ಹಾರಿಸಿತು. ಹತ್ತಿ ಕೂತ ಮೇಲೆ ಅತ್ತೆ ಉಸಿರು ಸುಧಾರಿಸಿಕೊಂಡು, "ಆಯ್ತಾ?" ಎಂದರು. "ಆಯ್ತು," ಎಂದೆ. ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಎರಡು ನಿಲ್ದಾಣ ದಾಟುವವರೆಗೆ ಕಿಟಕಿಯ ಆಚೆ ನೋಡುತ್ತಿದ್ದರು. ಆಮೇಲೆ ಬುತ್ತಿ ಬಿಚ್ಚಿದರು.

ಮಾರಾಟದ ಸಭಾಂಗಣ ತುಂಬಿತ್ತು. ಅತ್ತೆ ಎಡಗಡೆಯ ಮೇಜುಗಳಿಗೆ, ನಾನು ಬಲಗಡೆಗೆ. ಗುಂಡಿಗಳು, ಬೀಗಗಳು, ಒಡೆದ ಗಡಿಯಾರಗಳು. ಕೊನೆಯ ಮೇಜಿನಲ್ಲಿ ಚಮಚಗಳ ಕೆಳಗೆ ಒಂದು ಕಪ್ಪುಹಿಡಿದ ಪದಕ. ಬೆರಳಿನಷ್ಟು ಚೂರು ರಿಬ್ಬನ್ ಇನ್ನೂ ಅಂಟಿಕೊಂಡಿತ್ತು. ಮುಂದೆ ಲಂಗರು ಹಿಡಿದ ನಾವಿಕ. ತಿರುಗಿಸಿದೆ. ಹಿಂದೆ ಕುದುರೆ ಸವಾರ.

ಅಂಚು ನೋಡಿದೆ, ಸುತ್ತಲೂ, ಉಗುರು ಓಡಿಸಿ. ಗೆರೆ ಇಲ್ಲ. ಬೆರಳ ತುದಿಯ ಮೇಲಿಟ್ಟು ತಟ್ಟಿದೆ. ಆ ಗದ್ದಲದಲ್ಲೂ ಕೇಳಿಸಿತು. ಹಾಡಿತು.

"ಅತ್ತೇ!" ಎಂದು ಕೂಗಿದೆ. ಇಡೀ ಸಭಾಂಗಣ ತಿರುಗಿ ನೋಡುವಷ್ಟು ಜೋರಾಗಿ.

ಬೆಳಿಗ್ಗೆ ಹಾಕಿದ ಸಹಿಯ ಪ್ರಕಾರ ಅವರು ಈಗ ನನಗೆ ಏನೂ ಆಗಬೇಕಾಗಿಲ್ಲ. ಅದು ಹೊಳೆದದ್ದು ಈಗ, ಬರೆಯುವಾಗ. ಆಗ ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಜನರನ್ನು ಮೊಣಕೈಯಿಂದ ಸರಿಸುತ್ತ, ಛತ್ರಿ ಮೇಲೆತ್ತಿಕೊಂಡು ಬರುತ್ತಿದ್ದರು.

"ಬಂದೆ, ಬಂದೆ! ಕೈಬಿಡಬೇಡ ಕಣೇ, ಬಂದೆ!"